ಸೇಫ್ಟಿ ಮಾತು ಪ್ರೆಸ್ ಪಕ್ಕದಲ್ಲೇ ಆಗಲಿ

ಪ್ರಶ್ನೆ: ನಾನು ಪೀಣ್ಯದಲ್ಲಿ ತಗಡು ಒತ್ತಿ ಬಿಡಿಭಾಗ ಮಾಡುವ ಒಂದು ಪ್ರೆಸ್ ಶಾಪ್‌ನಲ್ಲಿ ಸೂಪರ್‌ವೈಸರ್. ದಿನಾ ಶಿಫ್ಟ್‌ಗೆ ಮುಂಚೆ ಹತ್ತು ನಿಮಿಷ ಸೇಫ್ಟಿ ಬಗ್ಗೆ ಹೇಳುತ್ತೇನೆ. ಹುಡುಗರು ಆಕಳಿಸುತ್ತಾ ನಿಂತಿದ್ದು, ರಿಜಿಸ್ಟರ್‌ಗೆ ಸಹಿ ಹಾಕಿ ಹೋಗುತ್ತಾರೆ. ಅರ್ಧ ಜನ ಬಿಹಾರ, ಒಡಿಶಾದವರು. ಡೈನಲ್ಲಿ (ತಗಡಿಗೆ ಆಕಾರ ಕೊಡುವ ಅಚ್ಚಿನಲ್ಲಿ) ಸಿಕ್ಕಿಕೊಂಡ ಪೀಸ್ ತೆಗೆಯಲು ಈಗಲೂ ಕೈ ಹಾಕುತ್ತಾರೆ. ಏನು ಮಾಡಲಿ?

ಉತ್ತರ: ಮೊದಲು ಜಾಗ ಬದಲಿಸಿ. ಗೇಟ್ ಹತ್ತಿರ ಸಾಲಾಗಿ ನಿಲ್ಲಿಸಿ ‘ಹುಷಾರಾಗಿ ಕೆಲಸ ಮಾಡಿ’ ಅಂದರೆ ಯಾರ ಕಿವಿಗೂ ಬೀಳುವುದಿಲ್ಲ. ಆರೇಳು ಜನರನ್ನು ಪ್ರೆಸ್ ಪಕ್ಕಕ್ಕೇ ಕರೆದುಕೊಂಡು ಹೋಗಿ. ಇವತ್ತು ಯಾವ ಡೈ ಕಟ್ಟಿದ್ದೀರಿ, ಪೀಸ್ ಎಲ್ಲಿ ಸಿಕ್ಕಿಕೊಳ್ಳುತ್ತದೆ, ಅಷ್ಟೇ ಮಾತಾಡಿ. ದಿನಕ್ಕೆ ಒಂದೇ ವಿಷಯ, ಐದು ನಿಮಿಷ ಸಾಕು.

ಒಂದು ದಿನ ಹೀಗೆ ಕೇಳಿ: ‘ಮೋಟಾರ್ ಆಫ್ ಮಾಡಿದ ತಕ್ಷಣ ಡೈಗೆ ಕೈ ಹಾಕಬಹುದಾ?’ ಉತ್ತರ ಬರುವವರೆಗೆ ಸುಮ್ನೆ ಇರಿ. ಆಮೇಲೆ ಎಲ್ಲರನ್ನೂ ದೂರ ನಿಲ್ಲಿಸಿ ಮೋಟಾರ್ ಆಫ್ ಮಾಡಿ, ಫ್ಲೈವೀಲ್, ಅಂದರೆ ಪ್ರೆಸ್ ಓಡಿಸುವ ಭಾರದ ಚಕ್ರ, ನೋಡಲು ಹೇಳಿ. ಅದು ಇನ್ನೂ ತಿರುಗುತ್ತಲೇ ಇರುತ್ತದೆ. ಆ ಹೊತ್ತಿಗೆ ಪೆಡಲ್ ಮೇಲೆ ಕಾಲು ಬಿದ್ದರೂ ಪೀಸ್ ಒತ್ತುವ ರ‍್ಯಾಮ್ ಕೆಳಗೆ ಬರಬಹುದು. ಹಳೇ ಪಿನ್ ಕ್ಲಚ್ ಪ್ರೆಸ್ ಆದರಂತೂ ಒಮ್ಮೆ ಹೊರಟ ಸ್ಟ್ರೋಕ್ ಅರ್ಧದಲ್ಲಿ ನಿಲ್ಲುವುದಿಲ್ಲ. ಅಂಥ ಪ್ರೆಸ್‌ಗೆ ಲೈಟ್ ಕರ್ಟನ್ (ಕೈ ಅಡ್ಡ ಬಂದರೆ ಪ್ರೆಸ್ ನಿಲ್ಲಿಸುವ ಬೆಳಕಿನ ಪರದೆ) ಹಾಕಿದರೂ ಪ್ರಯೋಜನವಿಲ್ಲ, ಕೈ ಒಳಗೆ ಹೋಗದಂತೆ ಗಾರ್ಡ್ ಇರಲೇಬೇಕು. ಕಣ್ಣಾರೆ ಕಂಡದ್ದು ಮರೆತುಹೋಗುವುದು ಕಡಿಮೆ.

ನೀವು ಹೇಳಿ ಮುಗಿಸಿ ‘ಅರ್ಥ ಆಯ್ತಾ?’ ಅಂದರೆ ಎಲ್ಲರೂ ತಲೆಯಾಡಿಸುತ್ತಾರೆ. ‘ಮಾಡಿ ತೋರಿಸಿ’ ಅನ್ನಿ. ಫ್ಲೈವೀಲ್ ಪೂರ್ತಿ ನಿಂತ ಮೇಲೆ, ಮೇಲಿನ ಭಾಗ ಕೆಳಗಿಳಿಯದಂತೆ ತಡೆಯುವ ಸೇಫ್ಟಿ ಬ್ಲಾಕ್ ಇಟ್ಟು, ಇಕ್ಕಳದಿಂದ ಪೀಸ್ ತೆಗೆಯುವುದನ್ನು ಒಬ್ಬೊಬ್ಬರ ಕೈಲೂ ಮಾಡಿಸಿ. ಭಾಷೆಯ ತೊಡಕು ಅರ್ಧ ಇಲ್ಲೇ ಹೋಗುತ್ತದೆ. ಉಳಿದದ್ದನ್ನು ಅವರಲ್ಲೇ ಒಬ್ಬ ಹಳೇ ಆಪರೇಟರ್ ಹಿಂದಿಯಲ್ಲೋ ಒಡಿಯಾದಲ್ಲೋ ಹೇಳಲಿ. ಅವರಿಗೆ ಹಿಂದಿನ ದಿನವೇ ವಿಷಯ ತಿಳಿಸಿರಿ.

ಇಷ್ಟಾದರೂ ಕೈ ಹಾಕುತ್ತಿದ್ದರೆ ಯಾಕೆ ಅಂತ ಕೇಳಿ. ಬೈಯುವ ದನಿಯಲ್ಲಿ ಬೇಡ. ‘ಇಕ್ಕಳ ಮುರಿದಿದೆ ಸಾರ್’ ಅಂದರೆ ಆವತ್ತೇ ಹೊಸದು ಕೊಡಿಸಿ. ಎರಡೂ ಕೈಯಿಂದ ಒತ್ತಿದರೆ ಮಾತ್ರ ಪ್ರೆಸ್ ಓಡುವ ಎರಡು ಬಟನ್‌ನಲ್ಲಿ ಒಂದನ್ನು ಟೇಪ್ ಸುತ್ತಿ ಒತ್ತಿಟ್ಟಿದ್ದರೆ, ಟೇಪ್ ಬಿಚ್ಚಿಸಿ, ಗಂಟೆಗೆ ಎಷ್ಟು ಪೀಸ್ ಕೇಳುತ್ತಿದ್ದೀರಿ ಅನ್ನುವುದನ್ನೂ ನೋಡಿ. ಟಾರ್ಗೆಟ್ ಜಾಸ್ತಿಯಾದಾಗ ಎಂಥ ಮಾತೂ ನಾಟುವುದಿಲ್ಲ. ಮರುದಿನ ಮಾತು ಶುರು ಮಾಡುವಾಗ ಏನು ಸರಿಹೋಯಿತು ಅಂತ ಮೊದಲು ಹೇಳಿ. ಹೇಳಿದ್ದಕ್ಕೆ ಬೆಲೆ ಸಿಕ್ಕರೆ ಮುಂದೆಯೂ ಬಾಯಿ ಬಿಡುತ್ತಾರೆ, ಅಲ್ವಾ?

ಸಹಿ ಇರಲಿ, ಆದರೆ ಸಹಿ ಹಾಕಿದ ಮಾತ್ರಕ್ಕೆ ಕಲಿತಂತಲ್ಲ. ಭೋಪಾಲ್ ದುರಂತದ ನಂತರ, 1987ರಲ್ಲಿ, ಆಗಿನ 1948ರ ಕಾರ್ಖಾನೆ ಕಾಯ್ದೆಗೆ 111ಎ ಸೆಕ್ಷನ್ ಸೇರಿಸಿ, ಸುರಕ್ಷತೆಯ ಮಾಹಿತಿ, ತರಬೇತಿ ಎರಡನ್ನೂ ಕಾರ್ಮಿಕರ ಹಕ್ಕು ಮಾಡಿದರು. ರಿಜಿಸ್ಟರ್‌ನಲ್ಲಿ ಯಾರು ಏನು ಹೇಳಿದರು, ಅದಕ್ಕೆ ಏನು ಮಾಡಿದಿರಿ ಅಂತಲೂ ಬರೆಯಿರಿ. ಗಾರ್ಡ್ ಇಲ್ಲದ ಪ್ರೆಸ್ ಒಂದಾದರೂ ಇದ್ದರೆ ಆ ಪುಟವನ್ನು ಇವತ್ತೇ ಮಾಲೀಕರ ಮುಂದಿಡಿ. ಗಾರ್ಡ್ ಬರುವವರೆಗೆ ಆ ಪ್ರೆಸ್ ಓಡಿಸಬೇಡಿ.