ಓದುಗರ ಪ್ರಶ್ನೆಗಳು: ಹಳೆಯ ನೋಟಿಗೆ ಬೆಲೆ ಕಟ್ಟುವುದು

ಪ್ರಶ್ನೆ: ನನ್ನ ಬಳಿ 1910ರ ದಿನಾಂಕವಿರುವ ಜರ್ಮನಿಯ ಸಾವಿರ ಮಾರ್ಕಿನ ನೋಟು ಇದೆ. ನೂರು ವರ್ಷ ದಾಟಿದ ನೋಟಿಗೆ ಒಳ್ಳೆಯ ಬೆಲೆ ಸಿಗಬೇಕಲ್ಲವೇ?

ಉತ್ತರ: ಇಲ್ಲ. ಅದೇ ದಿನಾಂಕ ಇಟ್ಟುಕೊಂಡು ಈ ನೋಟನ್ನು ಮೊದಲ ಮಹಾಯುದ್ಧ ಮುಗಿದ ಮೇಲೂ ಅಚ್ಚು ಹಾಕುತ್ತಲೇ ಹೋದರು. ಹಸಿರು ಮೊಹರಿನವು ಆ ಕಾಲದವು. 1923ರ ಹಣದುಬ್ಬರದಲ್ಲಿ ಅದಕ್ಕೆ ಏನೂ ಬಾರದಂತಾಯಿತು, ಕಂತೆಗಳು ಮನೆಗಳಲ್ಲೇ ಉಳಿದವು. ಹಾಗಾಗಿ ಇಂದಿಗೂ ಧಾರಾಳವಾಗಿ ಸಿಗುತ್ತದೆ. ಬೆಲೆ ನಿಂತಿರುವುದು ಎಷ್ಟು ನೋಟು ಉಳಿದಿವೆ, ಎಷ್ಟು ಜನಕ್ಕೆ ಬೇಕಾಗಿದೆ ಎಂಬುದರ ಮೇಲೆ. ಸ್ಥಿರವಾದ ಹಣದಲ್ಲಿ ದೊಡ್ಡ ಮುಖಬೆಲೆಯ ನೋಟುಗಳೇ ಹೆಚ್ಚಾಗಿ ಅಪರೂಪ. ಅಷ್ಟು ಹಣವನ್ನು ಯಾರೂ ಸುಮ್ಮನೆ ಇಟ್ಟುಕೊಳ್ಳುವುದಿಲ್ಲ, ಬ್ಯಾಂಕಿಗೆ ಕಟ್ಟಿಬಿಡುತ್ತಾರೆ.

ಮೊದಲು ನೋಟನ್ನು ಸರಿಯಾಗಿ ಗುರುತಿಸಿ. ಹೊರಡಿಸಿದ ಬ್ಯಾಂಕು, ಮುಖಬೆಲೆ, ದಿನಾಂಕ, ಸಹಿ, ಕ್ರಮಸಂಖ್ಯೆಯ ಮುಂದಿನ ಅಕ್ಷರ, ವಾಟರ್‌ಮಾರ್ಕ್ ಇಷ್ಟನ್ನೂ ಬರೆದುಕೊಂಡು ಲೋಕದ ನೋಟುಗಳ ಕ್ಯಾಟಲಾಗಿನಲ್ಲಿ ಅದರ 'ಪಿಕ್' ಸಂಖ್ಯೆ (ಪ್ರತಿ ಬಗೆಯ ನೋಟಿಗೂ ಅಲ್ಲಿ ಕೊಟ್ಟಿರುವ ಗುರುತು ಸಂಖ್ಯೆ) ಹುಡುಕಿ. ಸಹಿ ಒಂದು ಬದಲಾದರೂ ಬೆಲೆ ಎಷ್ಟೋ ಪಟ್ಟು ಹೆಚ್ಚುಕಡಿಮೆ ಆಗಬಹುದು.

ಪ್ರಶ್ನೆ: ಮಾರುವವರು 'ಹೊಸದರಂತಿದೆ' ಎನ್ನುತ್ತಾರೆ. ನಿಜವೇ ಎಂದು ನೋಡುವುದು ಹೇಗೆ?

ಉತ್ತರ: ಕೈ ತೊಳೆದು ಪೂರ್ತಿ ಒರೆಸಿಕೊಂಡು, ಅಂಚು ಹಿಡಿದು ನೋಟನ್ನು ದೀಪಕ್ಕೆ ಎದುರಾಗಿ ಎತ್ತಿ. ಸೂಜಿ ಚುಚ್ಚಿದ ತೂತು, ಅಂಟಿಸಿದ ಹರುಕು, ಉಜ್ಜಿ ತೆಳುವಾದ ಜಾಗ ಎಲ್ಲ ಕಾಣುತ್ತವೆ. ಆಮೇಲೆ ಕೋಣೆ ಕತ್ತಲು ಮಾಡಿ, ನೋಟನ್ನು ಮೇಜಿನ ಮೇಲಿಟ್ಟು, ಟಾರ್ಚನ್ನು ಮೇಜಿನ ಮಟ್ಟಕ್ಕೆ ಇಳಿಸಿ ಪಕ್ಕದಿಂದ ಬೆಳಕು ಬಿಡಿ. ನೋಟನ್ನು ತಿರುಗಿಸುತ್ತಾ ಎರಡೂ ಮುಖ ನೋಡಿ. ಒತ್ತಿ ಅಡಗಿಸಿದ ಮಡಿಕೆಗಳೂ ಆಗ ಗೆರೆಯಾಗಿ ಏಳುತ್ತವೆ.

ನೋಟುಗಳಿಗೆ ಸ್ಥಿತಿ ನೋಡಿ ದರ್ಜೆ ಹಾಕುತ್ತಾರೆ. 'ಅನ್‌ಸರ್ಕ್ಯುಲೇಟೆಡ್' (ಬಳಕೆಯಾಗದ ನೋಟು) ಎನ್ನಬೇಕಾದರೆ ಒಂದೂ ಮಡಿಕೆ ಇರಕೂಡದು, ಮೂಲೆಗಳು ಚೂಪಾಗಿರಬೇಕು. ನಡುವೆ ಒಂದು ತೆಳು ಮಡಿಕೆಯೋ, ಎಣಿಸುವಾಗ ಮೂಲೆಯಲ್ಲಿ ಬಿದ್ದ ಬಾಗೋ ಇದ್ದರೆ 'ಅಬೌಟ್ ಅನ್‌ಸರ್ಕ್ಯುಲೇಟೆಡ್'. ಎರಡೂ ಇದ್ದರೆ ಅಲ್ಲ. ಹೆಚ್ಚೆಂದರೆ ಮೂರು ತೆಳು ಮಡಿಕೆ, ಇಲ್ಲವೇ ಮೇಲ್ಮೈ ಒಡೆದ ಒಂದು ಗಟ್ಟಿ ಮಡಿಕೆ ಇದ್ದರೆ 'ಎಕ್ಸ್‌ಟ್ರೀಮ್ಲಿ ಫೈನ್'. ಮಡಿಕೆಗಳು ಹಲವಿದ್ದೂ ಕಾಗದ ಸಾಕಷ್ಟು ಗರಿಗರಿಯಾಗಿದ್ದರೆ 'ವೆರಿ ಫೈನ್'. 70 ಅಂಕದ ಅಳತೆಯಲ್ಲಿ ಇವು ಕ್ರಮವಾಗಿ 60ರಿಂದ ಮೇಲೆ, 50–58, 40–45, 20–35. 'ಅನ್‌ಸರ್ಕ್ಯುಲೇಟೆಡ್' ನೋಟುಗಳಲ್ಲೂ 60ಕ್ಕೂ 65ಕ್ಕೂ ಬೆಲೆಯಲ್ಲಿ ಬಹಳ ಅಂತರವಿದೆ; ಅಲ್ಲಿ ನಾಲ್ಕೂ ಬದಿಯ ಅಂಚು ಸಮನಾಗಿದೆಯೇ ಎಂಬುದೂ ಲೆಕ್ಕಕ್ಕೆ ಬರುತ್ತದೆ.

ಪ್ರಶ್ನೆ: ಕೊಳೆಯಾದ ನೋಟನ್ನು ತೊಳೆದು ಇಸ್ತ್ರಿ ಮಾಡಬಹುದೇ?

ಉತ್ತರ: ದಯವಿಟ್ಟು ಬೇಡ. ಕೆತ್ತಿದ ಅಚ್ಚಿನಿಂದ ಮುದ್ರಿಸಿದ ನೋಟಿನಲ್ಲಿ ಶಾಯಿ ಉಬ್ಬಿ ನಿಂತಿರುತ್ತದೆ. ಬಿಸಿ, ಒತ್ತಡಕ್ಕೆ ಆ ಉಬ್ಬು ಚಪ್ಪಟೆಯಾಗುತ್ತದೆ. ನೀರು ಕಾಗದದ ಗಂಜಿಯಂಥ ಲೇಪವನ್ನು ತೆಗೆದು ಅದನ್ನು ಮೆತ್ತಗಾಗಿಸುತ್ತದೆ. ಸೋಪಿನ ಪುಡಿ ಹಾಕಿದ್ದರೆ ನೇರಳಾತೀತ ದೀಪದಡಿ ನೋಟು ನೀಲಿಯಾಗಿ ಹೊಳೆದು ಗುಟ್ಟು ಬಯಲಾಗುತ್ತದೆ. ಕೊಳೆ ಇರುವ ನೋಟಿಗಿಂತ ತೊಳೆದ ನೋಟಿಗೆ ಕಡಿಮೆ ಬೆಲೆ. ಸೆಲ್ಲೋಟೇಪ್, ಲ್ಯಾಮಿನೇಷನ್ ಕೂಡ ಬೇಡವೇ ಬೇಡ. ಪಿವಿಸಿ ಕವರು ಕಾಲಕ್ರಮೇಣ ಆಮ್ಲ ಬಿಟ್ಟು ಕಾಗದ ಹಾಳುಮಾಡುತ್ತದೆ. ಪಾಲಿಯೆಸ್ಟರ್ ಕವರು ಬಳಸಿ.

ಪ್ರಶ್ನೆ: ಕ್ರಮಸಂಖ್ಯೆ ವಿಶೇಷವಾಗಿದ್ದರೆ?

ಉತ್ತರ: 000001, 777777, 123456 ಇಂಥವಕ್ಕೆ ಹೆಚ್ಚು ಕೊಡುವವರಿದ್ದಾರೆ. ಕೆಟ್ಟ ನೋಟಿನ ಬದಲಿಗೆ ಅಚ್ಚಾದವಕ್ಕೆ ಕೆಲವು ದೇಶಗಳಲ್ಲಿ ನಕ್ಷತ್ರದ ಗುರುತಿರುತ್ತದೆ; ಕಡಿಮೆ ಅಚ್ಚಾಗಿದ್ದರೆ ಅವಕ್ಕೂ ಬೆಲೆ ಬರುತ್ತದೆ.

ಪ್ರಶ್ನೆ: ಜಾಲತಾಣದಲ್ಲಿ ಇದೇ ನೋಟಿಗೆ ಲಕ್ಷಗಟ್ಟಲೆ ಬರೆದಿದ್ದಾರೆ, ನಂಬಬಹುದೇ?

ಉತ್ತರ: ಅದು ಕೇಳುತ್ತಿರುವ ಬೆಲೆ, ಕೊಟ್ಟ ಬೆಲೆಯಲ್ಲ. ಹರಾಜು ಸಂಸ್ಥೆಗಳು ಪ್ರಕಟಿಸುವ ಮಾರಾಟದ ಫಲಿತಾಂಶಗಳಲ್ಲಿ ಅದೇ ಪಿಕ್ ಸಂಖ್ಯೆ, ಅದೇ ದರ್ಜೆಯ ಇತ್ತೀಚಿನ ನಾಲ್ಕೈದು ನೋಡಿ, ತೀರಾ ಹೆಚ್ಚಿನದನ್ನೂ ತೀರಾ ಕಡಿಮೆಯದನ್ನೂ ಬಿಡಿ. ಅದರಲ್ಲಿ ಕೊಳ್ಳುವವರು ಕೊಟ್ಟ ಕಮಿಷನ್ ಸೇರಿದೆಯೇ ನೋಡಿಕೊಳ್ಳಿ. ಆ ಹಣ ಮಾರಿದವರ ಕೈಗೆ ಬರುವುದಿಲ್ಲ. ವ್ಯಾಪಾರಿಯಾದರೆ ತನ್ನ ಲಾಭ ಕಳೆದೇ ಹೇಳುತ್ತಾನೆ. ದರ್ಜೆ ಹಾಕುವ ಸಂಸ್ಥೆಗೆ ನೋಟು ಕಳುಹಿಸುವ ಮುನ್ನ ಶುಲ್ಕ, ಅಂಚೆ, ವಿಮೆ ಕೂಡಿಸಿ ನೋಡಿ. ನೋಟಿನ ಬೆಲೆ ಅದರ ಮೂರು ನಾಲ್ಕು ಪಟ್ಟಾದರೂ ಇಲ್ಲದಿದ್ದರೆ ಕಳುಹಿಸಬೇಡಿ.