ಆರ್ಕ್ಟಿಕ್ ಸಮುದ್ರದಡಿ ಅಷ್ಟೊಂದು ತೈಲ ಇದ್ದರೆ ಕಂಪನಿಗಳು ಯಾಕೆ ತೆಗೆಯುತ್ತಿಲ್ಲ?

ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ 2008ರಲ್ಲಿ ಕೊಟ್ಟ ಅಂದಾಜಿನಂತೆ ಆರ್ಕ್ಟಿಕ್ ವೃತ್ತದ ಉತ್ತರಕ್ಕೆ ಸುಮಾರು 9,000 ಕೋಟಿ ಬ್ಯಾರೆಲ್ ತೈಲ, 1,669 ಲಕ್ಷ ಕೋಟಿ ಘನ ಅಡಿ ಅನಿಲ ಇರಬಹುದು. ಸುಮಾರು 84% ಸಮುದ್ರದಡಿ. ಆದರೆ ಇದು ಕೊರೆದು ಕಂಡ ನಿಕ್ಷೇಪವಲ್ಲ, ಶಿಲಾರಚನೆ ನೋಡಿ ಹಾಕಿದ ಸಂಭವನೀಯತೆಯ ಲೆಕ್ಕ. ತೆಗೆಯುವ ಖರ್ಚನ್ನೂ ಇದರಲ್ಲಿ ಗಣಿಸಿಲ್ಲ. ಸುದ್ದಿಗಳಲ್ಲಿ ಬಿಟ್ಟುಹೋಗುವುದೇ ಇದು.

ಭೂಕಂಪನ ಸಮೀಕ್ಷೆ (ನೆಲದೊಳಗೆ ತರಂಗ ಕಳಿಸಿ ಅದರ ಪ್ರತಿಧ್ವನಿ ಅಳೆಯುವ ವಿಧಾನ) ತೋರಿಸುವುದು ಮುಖ್ಯವಾಗಿ ಪದರಗಳ ಆಕಾರ. ಒಳಗೆ ತೈಲವೋ, ಅನಿಲವೋ, ಬರೀ ಉಪ್ಪುನೀರೋ ಎಂಬುದು ಕೊರೆದ ಮೇಲೆಯೇ ಖಚಿತ. ನಾರ್ವೆ, ರಷ್ಯಾಗಳ ಉತ್ತರಕ್ಕಿರುವ ಬ್ಯಾರೆಂಟ್ಸ್ ಸಮುದ್ರದಲ್ಲಿ ಇನ್ನೊಂದು ತೊಡಕು: ಅಲ್ಲಿನ ನೆಲ ಮೇಲೆದ್ದು, ಮೇಲ್ಪದರ ಸವೆದುಹೋಗಿದೆ. ಒತ್ತಡ ಇಳಿದಾಗ ಅನಿಲ ಹಿಗ್ಗಿ ತೈಲವನ್ನು ಹೊರದೂಡುತ್ತದೆ, ಮುಚ್ಚಳದಂತಿದ್ದ ಬಂಡೆ ಬಿರುಕು ಬಿಟ್ಟು ಸೋರುತ್ತದೆ. ಹಾಗಾಗಿ ಅಲ್ಲಿ ಹಲವು ಬಾವಿಗಳಲ್ಲಿ ಸಿಕ್ಕಿದ್ದು ಅನಿಲ, ಇಲ್ಲವೇ ತೈಲದ ಕುರುಹು ಮಾತ್ರ.

ಖರ್ಚಿಗೆ ಉದಾಹರಣೆ ಅಲಾಸ್ಕದ ಚುಕ್ಚಿ ಸಮುದ್ರ. ಅಲ್ಲಿ ಕೊರೆಯಲು ಮಂಜುಗಡ್ಡೆ ಕರಗಿರುವ ಕೆಲವೇ ತಿಂಗಳು ಸಿಗುತ್ತವೆ. ಬಾವಿ ಸಿಡಿದರೆ ಅದನ್ನು ತಡೆಯಲು ಪಕ್ಕದಲ್ಲಿ ಇನ್ನೊಂದು ಬಾವಿ (ಪರಿಹಾರ ಬಾವಿ) ಕೊರೆಯಲು ಕೊನೆಯ ವಾರಗಳನ್ನು ಮೀಸಲಿಡಬೇಕು. ತೈಲ ಕಂಪನಿ ಶೆಲ್ 2015ರಲ್ಲಿ ಇಲ್ಲಿ 'ಬರ್ಗರ್ ಜೆ' ಬಾವಿಯನ್ನು ಸುಮಾರು 6,800 ಅಡಿ ಕೊರೆಯಿತು. ತೈಲ, ಅನಿಲದ ಸುಳಿವು ಸಿಕ್ಕರೂ ಲಾಭಕ್ಕೆ ಸಾಲದು ಎಂದು ಮುಚ್ಚಿತು. ಅಷ್ಟರಲ್ಲಿ ಆ ಪ್ರದೇಶಕ್ಕೆ ಸುಮಾರು 700 ಕೋಟಿ ಡಾಲರ್ ಸುರಿದಾಗಿತ್ತು.

ಅನಿಲ ಸಿಕ್ಕರೂ ಸಾಗಿಸಬೇಕಲ್ಲ? ಬ್ಯಾರೆಂಟ್ಸ್ ಸಮುದ್ರದಲ್ಲಿರುವ ರಷ್ಯಾದ ಶ್ಟಾಕ್ಮನ್ 1988ರಲ್ಲೇ ಪತ್ತೆಯಾದ ದೈತ್ಯ ಅನಿಲ ಕ್ಷೇತ್ರ. ದಡಕ್ಕೆ ಸುಮಾರು 600 ಕಿ.ಮೀ. ದೂರ, ಜೊತೆಗೆ ತೇಲುವ ಹಿಮಗಡ್ಡೆಗಳ ಕಾಟ. 2012ರಲ್ಲಿ ಯೋಜನೆ ನಿಂತಿತು. ಸದ್ಯಕ್ಕೆ ದಡದ ಹತ್ತಿರ, ಈಗಾಗಲೇ ಪೈಪ್‌ಲೈನ್ ಅಥವಾ ಬಂದರು ಇರುವ ಕಡೆಯ ಕ್ಷೇತ್ರಗಳಿಗೇ ಹೆಚ್ಚು ಅವಕಾಶ ಎನ್ನುವುದು ನನ್ನ ಅಭಿಪ್ರಾಯ.