ಗೇಮಿಂಗ್ ಪಿಸಿ: ಜೋಡಿಸುವುದೋ, ಜೋಡಿಸಿದ್ದನ್ನೇ ತರುವುದೋ?

ಪ್ರಶ್ನೆ: ಮಗ ಈ ವರ್ಷ ಎಂಜಿನಿಯರಿಂಗ್ ಸೇರಿದ್ದಾನೆ. ಓದಿಗೂ ಆಗಬೇಕು, ಆಟಕ್ಕೂ ಆಗಬೇಕು ಅಂತ ಡೆಸ್ಕ್‌ಟಾಪ್ ಕೇಳುತ್ತಿದ್ದಾನೆ. ನನ್ನ ಕೈಯಲ್ಲಿರುವುದು 75 ಸಾವಿರ. ಬಿಡಿಭಾಗ ತಂದು ತಾನೇ ಜೋಡಿಸುತ್ತೇನೆ, ಅದೇ ಅಗ್ಗ ಎನ್ನುತ್ತಾನೆ ಅವನು. ಕಂಪನಿ ಪಿಸಿಯನ್ನೇ ತಗೊಳ್ಳಿ, ತಲೆನೋವಿರಲ್ಲ ಎನ್ನುತ್ತಾರೆ ಊರಿನ ಅಂಗಡಿಯವರು. ಯಾರ ಮಾತು ಕೇಳಲಿ?
– ಓದುಗರೊಬ್ಬರು, ಶಿರಸಿ

ಉತ್ತರ: ಮೊದಲು ಮಗನ ಪಟ್ಟಿಯನ್ನು ಕೈಗೆ ತೆಗೆದುಕೊಂಡು ಅದರಲ್ಲಿ ಮಾನಿಟರ್ ಇದೆಯೇ ನೋಡಿ. ನನಗೆ ಬರುವ ಪಟ್ಟಿಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಕೀಬೋರ್ಡ್, ಮೌಸ್, ಯುಪಿಎಸ್, ವಿಂಡೋಸ್ ಲೈಸೆನ್ಸ್ ಕೂಡ ಇರುವುದಿಲ್ಲ. ಇವಿಷ್ಟಕ್ಕೇ ಇಪ್ಪತ್ತು ಸಾವಿರದ ಆಸುಪಾಸು ಹೋಗುತ್ತದೆ. ಅಂದರೆ ಡಬ್ಬಿಗೆ, ಎಂದರೆ ಕ್ಯಾಬಿನೆಟ್ ಮತ್ತು ಅದರೊಳಗಿನ ಭಾಗಗಳಿಗೆ, ಉಳಿಯುವುದು 55 ಸಾವಿರ. ಅಪ್ಪ-ಮಗನ ಜಗಳ ಅರ್ಧ ಇಲ್ಲೇ ಮುಗಿಯಬಹುದು, ಅಥವಾ ಇಲ್ಲಿಂದಲೇ ಶುರುವಾಗಬಹುದು.

ಇನ್ನು ಜೋಡಿಸಿದರೆ ಅಗ್ಗ ಎಂಬ ಮಾತು. ಬಹಳ ವರ್ಷ ಅದು ನಿಜವಾಗಿತ್ತು. ತೆರಿಗೆಯಲ್ಲಿ ವ್ಯತ್ಯಾಸವಿಲ್ಲ, ಬಿಡಿಭಾಗಕ್ಕೂ ಜೋಡಿಸಿದ ಪಿಸಿಗೂ ಶೇ. 18 ಜಿಎಸ್‌ಟಿ. ಉಳಿಯುತ್ತಿದ್ದದ್ದು ಕಂಪನಿಯ ಲಾಭ ಮತ್ತು ಜೋಡಣೆಯ ಖರ್ಚು. ಆದರೆ 2025ರ ಕೊನೆಯ ತಿಂಗಳುಗಳಲ್ಲಿ ರ‍್ಯಾಮ್ (ಕೆಲಸ ನಡೆಯುವಾಗ ಪಿಸಿ ಬಳಸುವ ಮೆಮೊರಿ) ಬೆಲೆ ಏರತೊಡಗಿತು. ಜಗತ್ತಿನ ಮೆಮೊರಿಯ ಬಹುಪಾಲನ್ನು ತಯಾರಿಸುವವರು ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್, ಈ ಮೂವರೇ. ಎಐ ಸರ್ವರ್‌ಗಳಿಗೆ ಬೇಕಾದ ಮೆಮೊರಿಯಲ್ಲಿ ಹೆಚ್ಚು ಕಾಸಿದೆ ಎಂದು ಮೂವರೂ ಅತ್ತ ತಿರುಗಿದರು. ನಮ್ಮಂಥವರು ಕೊಳ್ಳುತ್ತಿದ್ದ ಕ್ರೂಶಿಯಲ್ ಬ್ರ್ಯಾಂಡನ್ನೇ ನಿಲ್ಲಿಸುವುದಾಗಿ ಮೈಕ್ರಾನ್ 2025ರ ಡಿಸೆಂಬರ್‌ನಲ್ಲಿ ಹೇಳಿತು. ದೊಡ್ಡ ಪಿಸಿ ಕಂಪನಿಗಳು ಮುಂಗಡ ಒಪ್ಪಂದದಲ್ಲಿ ಸರಕು ತುಂಬಿಟ್ಟುಕೊಳ್ಳುತ್ತವೆ. ಹಾಗಾಗಿ ಬಿಡಿ ರ‍್ಯಾಮ್ ಏರಿದಷ್ಟು ಬೇಗ ಅವರ ಪಿಸಿ ಏರುವುದಿಲ್ಲ. ಕೆಲವೊಮ್ಮೆ ಲೆಕ್ಕ ತಿರುವುಮುರುವಾಗಿ ರೆಡಿಮೇಡ್ ಪಿಸಿಯೇ ಅಗ್ಗವಾಗುವುದುಂಟು. ಹೋದ ವರ್ಷದ ಯೂಟ್ಯೂಬ್ ವಿಡಿಯೊ ನೋಡಿ ಬರೆದುಕೊಂಡ ಪಟ್ಟಿ ಈಗಿನ ಅಂಗಡಿಯಲ್ಲಿ ನಡೆಯದು. ಎರಡರ ಬೆಲೆಯನ್ನೂ ಒಂದೇ ವಾರದಲ್ಲಿ ಕೇಳಿ ತೂಗಿ.

ತೂಗುವಾಗ ಸ್ವಲ್ಪ ಒಳಹೊಕ್ಕು ನೋಡಬೇಕು. ರೆಡಿಮೇಡ್ ಪಿಸಿ ಮಾಡುವವರಿಗೆ ಗೊತ್ತು, ಗಿರಾಕಿ ಓದುವುದು ಮೂರೇ ಪದ: ಪ್ರೊಸೆಸರ್, ರ‍್ಯಾಮ್, ಗ್ರಾಫಿಕ್ಸ್. ಆ ಮೂರನ್ನು ದಪ್ಪಕ್ಷರದಲ್ಲಿ ಹಾಕಿ, ಉಳಿತಾಯವನ್ನು ಉಳಿದ ಕಡೆ ಮಾಡುತ್ತಾರೆ. ಎಸ್‌ಎಂಪಿಎಸ್ (ಎಲ್ಲ ಭಾಗಗಳಿಗೂ ವಿದ್ಯುತ್ ಒದಗಿಸುವ ಪೆಟ್ಟಿಗೆ) ಯಾವುದು ಎಂದು ಯಾರೂ ಕೇಳುವುದಿಲ್ಲ, ಹಾಗಾಗಿ ಕತ್ತರಿ ಬೀಳುವುದು ಹೆಚ್ಚಾಗಿ ಅಲ್ಲೇ.

ಎಸ್‌ಎಂಪಿಎಸ್ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ. ಅದರ ರಟ್ಟಿನ ಡಬ್ಬಿಯ ಮೇಲೆ 450 ವಾಟ್ ಎಂದು ಬರೆದಿದ್ದರೆ ನಂಬಬೇಡಿ, ಪಕ್ಕದ ಸ್ಟಿಕ್ಕರ್ ಓದಿ. ಅದರಲ್ಲಿ 12 ವೋಲ್ಟ್ ಎಂಬ ಸಾಲಿನ ಕೆಳಗೆ ಎಷ್ಟು ಆಂಪ್ಸ್ ಎಂದಿರುತ್ತದೆ. ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಊಟ ಮಾಡುವುದು ಮುಖ್ಯವಾಗಿ ಆ ಸಾಲಿನಿಂದಲೇ. 16 ಆಂಪ್ಸ್ ಎಂದಿದ್ದರೆ 16ನ್ನು 12ರಿಂದ ಗುಣಿಸಿ, 192 ವಾಟ್. ನಿಮ್ಮ 450ರ ಅಸಲಿ ಮುಖ ಅದು! ಆಟದ ನಡುವೆ ಪಿಸಿ ಫಟ್ ಎಂದು ಆಫ್ ಆಗುವುದು, ಸುಟ್ಟ ವಾಸನೆ ಬರುವುದು ಇಂಥವುಗಳಲ್ಲೇ. 80 ಪ್ಲಸ್ ಬ್ರಾಂಝ್ ಎಂಬ ದಕ್ಷತೆಯ ಗುರುತಿನ, ಹೆಸರಿರುವ ಕಂಪನಿಯ 550 ವಾಟ್ ಎಸ್‌ಎಂಪಿಎಸ್ ನಿಮ್ಮ ಬಜೆಟ್ಟಿಗೆ ಧಾರಾಳ ಸಾಕು. ಬೇಕಾದರೆ ಬಣ್ಣದ ಲೈಟಿನ ಕ್ಯಾಬಿನೆಟ್ ಬಿಡಿ, ಇದನ್ನು ಬಿಡಬೇಡಿ.

ಗ್ರಾಫಿಕ್ಸ್ ಕಾರ್ಡಿನ ಹೆಸರಲ್ಲೂ ಒಂದು ಆಟವಿದೆ. ಎನ್‌ವಿಡಿಯಾದ ಆರ್‌ಟಿಎಕ್ಸ್ 3050 ಬಂದದ್ದು 2022ರಲ್ಲಿ, 8 ಜಿಬಿ ಮೆಮೊರಿಯೊಡನೆ. 2024ರಲ್ಲಿ ಅದೇ ಹೆಸರಲ್ಲಿ 6 ಜಿಬಿಯದ್ದು ಬಂತು. ಮೆಮೊರಿ ಎರಡು ಜಿಬಿ ಕಮ್ಮಿ, ಅಷ್ಟೇ ತಾನೇ ಎಂದುಕೊಳ್ಳುತ್ತೇವೆ. ಅಲ್ಲ. ಲೆಕ್ಕ ಮಾಡುವ ಕೋರ್‌ಗಳು 2,560ರಿಂದ 2,304ಕ್ಕೆ ಇಳಿದಿವೆ, ಮೆಮೊರಿಗೆ ಹೋಗುವ ದಾರಿ 128 ಬಿಟ್‌ನಿಂದ 96ಕ್ಕೆ ಕಿರಿದಾಗಿದೆ. ಅದಕ್ಕೂ ಉಪಯೋಗವಿದೆ ಅನ್ನಿ. 70 ವಾಟ್‌ನಲ್ಲಿ ಓಡುವುದರಿಂದ ಬೇರೆ ವಿದ್ಯುತ್ ಕೇಬಲ್ ಬೇಡ, ಹಳೆಯ ಆಫೀಸ್ ಪಿಸಿಗೂ ಸಿಕ್ಕಿಸಬಹುದು. ಆದರೆ 8 ಜಿಬಿಯದ್ದರ ಬೆಲೆ ಕೊಟ್ಟು 6 ಜಿಬಿಯದ್ದನ್ನು ಮನೆಗೆ ತರಬಾರದು. ಜಾಹೀರಾತಿನಲ್ಲಿ ಬರೀ 'ಆರ್‌ಟಿಎಕ್ಸ್ 3050' ಎಂದಿದ್ದರೆ ಯಾವುದು ಎಂದು ಕೇಳಿಯೇ ಮುಂದುವರಿಯಿರಿ.

ನಿಮ್ಮ ಮಗನಿಗೂ ಅಂಗಡಿಯವರಿಗೂ ನಡುವೆ ಮೂರನೇ ದಾರಿಯೊಂದಿದೆ, ಅದು ನಮ್ಮಲ್ಲಿ ಹಳೆಯದೇ. ಭಾಗಗಳನ್ನು ನೀವು ಆರಿಸುವುದು, ಜೋಡಿಸುವುದು ಅಂಗಡಿಯವರು. ಬೆಂಗಳೂರಿನ ಟೌನ್‌ಹಾಲ್ ಹತ್ತಿರದ ಎಸ್.ಪಿ. ರೋಡ್, ಅಂದರೆ ಸಾದರ ಪತ್ರಪ್ಪ ರಸ್ತೆ, ಈ ವ್ಯವಹಾರಕ್ಕೇ ಹೆಸರಾದದ್ದು. ಒಂದೇ ಅಂಗಡಿಯಲ್ಲಿ ಎಲ್ಲ ಭಾಗ ಕೊಂಡರೆ ಜೋಡಣೆಗೆ ಅಲ್ಪಸ್ವಲ್ಪ ತೆಗೆದುಕೊಳ್ಳುತ್ತಾರೆ, ಎಷ್ಟೋ ಕಡೆ ಅದನ್ನೂ ಕೇಳುವುದಿಲ್ಲ. ಪಟ್ಟಿ ಹಿಡಿದು ನಾಲ್ಕು ಅಂಗಡಿ ಹತ್ತಿಳಿಯಿರಿ. 'ಅದು ಸ್ಟಾಕ್ ಇಲ್ಲ ಸರ್, ಇದು ಅದಕ್ಕಿಂತ ಚೆನ್ನಾಗಿದೆ' ಎಂದು ಬೇರೆ ಎಸ್‌ಎಂಪಿಎಸ್ ತೋರಿಸಿದರೆ ನಗುತ್ತಾ ಮುಂದಿನ ಅಂಗಡಿಗೆ ಹೋಗಿ.

ಬಿಲ್ ಹೇಗಿರಬೇಕು ಎಂಬುದನ್ನು ಮಾತ್ರ ಮೊದಲೇ ಹೇಳಿಬಿಡಿ. 'ಗೇಮಿಂಗ್ ಪಿಸಿ, 1 ಸೆಟ್' ಎಂಬ ಒಂದು ಸಾಲಿನ ಬಿಲ್ ಬೇಡವೇ ಬೇಡ. ಪ್ರತಿ ಭಾಗದ ಪೂರ್ತಿ ಮಾಡೆಲ್ ಹೆಸರು, ಸೀರಿಯಲ್ ನಂಬರ್, ಅಂಗಡಿಯ ಜಿಎಸ್‌ಟಿ ಸಂಖ್ಯೆ ಇರಬೇಕು. ಬಾಕ್ಸ್‌ನಲ್ಲಿ ಬರುವ ಪ್ರೊಸೆಸರ್‌ಗೆ ತಯಾರಕರ ಮೂರು ವರ್ಷದ ವಾರಂಟಿ ಇರುತ್ತದೆ. 'ಟ್ರೇ' ಪ್ರೊಸೆಸರ್ ಎಂದು ಬಾಕ್ಸಿಲ್ಲದೆ ಕೊಡುವುದು ಅಗ್ಗ, ಆದರೆ ಅದಕ್ಕೆ ಅಂಗಡಿಯವರ ಮಾತೇ ವಾರಂಟಿ. ಖಾಲಿ ಡಬ್ಬಿಗಳನ್ನೆಲ್ಲ ಕೇಳಿ ತನ್ನಿ, ಅಟ್ಟದ ಮೇಲಿರಲಿ. ಹಾಗೇ, ಕೇಳದೆಯೇ ಹಾಕಿಕೊಡುವ 'ಫ್ರೀ ವಿಂಡೋಸ್' ಸಾಮಾನ್ಯವಾಗಿ ಕಳ್ಳ ಪ್ರತಿ. ರೆಡಿಮೇಡ್ ಪಿಸಿಯಲ್ಲಿ ಅಸಲಿ ವಿಂಡೋಸ್ ಸೇರಿದ್ದರೆ ಆ ಮೊತ್ತವನ್ನೂ ಅದರ ಲೆಕ್ಕಕ್ಕೆ ಜಮೆ ಮಾಡಿ.

ಕಂಪನಿ ಪಿಸಿಯ ಪರವಾಗಿ ನಾನು ಒಪ್ಪುವ ಗಟ್ಟಿ ವಾದ ಒಂದೇ, ರಿಪೇರಿ. ಜೋಡಿಸಿದ ಪಿಸಿ ಒಂದು ಬೆಳಿಗ್ಗೆ ಆನ್ ಆಗದಿದ್ದರೆ, ಸತ್ತದ್ದು ಎಲ್ಲ ಭಾಗಗಳು ಕೂರುವ ಮದರ್‌ಬೋರ್ಡೋ, ರ‍್ಯಾಮೋ, ಎಸ್‌ಎಂಪಿಎಸ್ಸೋ ಎಂದು ಕಂಡುಹಿಡಿಯಬೇಕಾದವರು ನೀವು. ಬದಲಿ ಹಾಕಿ ನೋಡಲು ಇನ್ನೊಂದು ಪಿಸಿ ಬೇಕು. ಕಂಡುಹಿಡಿದ ಮೇಲೆ ಆ ಭಾಗವನ್ನು ಅದರ ಸರ್ವಿಸ್ ಸೆಂಟರಿಗೆ ಕಳಿಸಬೇಕು, ಅದು ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಇರುತ್ತದೆ. ವಾರಗಟ್ಟಲೆ ಕಾಯಬೇಕಾದೀತು. ಕಂಪನಿ ಪಿಸಿಗಾದರೆ ಒಂದು ಫೋನ್. ಆದರೆ 'ಆನ್‌ಸೈಟ್ ವಾರಂಟಿ' (ಮನೆಗೇ ಬಂದು ರಿಪೇರಿ) ಎಂದು ಬರೆದದ್ದು ಶಿರಸಿಗೂ ಅನ್ವಯಿಸುತ್ತದೆಯೇ? ಪಿನ್‌ಕೋಡ್ ಹೇಳಿ, ಉತ್ತರವನ್ನು ಇಮೇಲ್‌ನಲ್ಲಿ ತರಿಸಿಕೊಳ್ಳಿ. ಅದು ಸಾಮಾನ್ಯವಾಗಿ ಒಂದೇ ವರ್ಷದ್ದು ಎಂಬುದೂ ನೆನಪಿರಲಿ. ಗ್ರಾಫಿಕ್ಸ್ ಕಾರ್ಡನ್ನು ಬಿಡಿಯಾಗಿ ಕೊಂಡರೆ ನಮ್ಮಲ್ಲಿ ಹೆಚ್ಚಾಗಿ ಮೂರು ವರ್ಷ ಸಿಗುತ್ತದೆ.

ನನ್ನ ತೀರ್ಪು: ನಿಮ್ಮ ಪಿನ್‌ಕೋಡಿಗೆ ಆನ್‌ಸೈಟ್ ಇಲ್ಲವೆಂದಾದರೆ ಮಗನ ಪಟ್ಟಿ, ಅಂಗಡಿಯವರ ಕೈ. ಜೋಡಿಸುವಾಗ ಮಗ ಪಕ್ಕದಲ್ಲಿ ನಿಂತು ನೋಡಲಿ, ಮುಂದೆ ರಿಪೇರಿಗೆ ಅವನೇ ಗತಿ. ಈ ಬಜೆಟ್ಟಿಗೆ ಎಎಂಡಿಯ ರೈಝನ್ 5 5600 ಅಥವಾ ಇಂಟೆಲ್‌ನ ಐ5-12400ಎಫ್, ಎರಡೂ ಆರು ಕೋರ್ ಹನ್ನೆರಡು ಥ್ರೆಡ್‌ನವು (ಥ್ರೆಡ್ ಎಂದರೆ ಒಮ್ಮೆಗೇ ನಡೆಸಬಲ್ಲ ಕೆಲಸದ ಎಳೆ), ಇಂದಿಗೂ ಮರ್ಯಾದಸ್ಥ ಆಯ್ಕೆ. ಎರಡನ್ನೂ ಡಿಡಿಆರ್4 ಎಂಬ ಹಿಂದಿನ ತಲೆಮಾರಿನ ರ‍್ಯಾಮ್‌ನ ಬೋರ್ಡಿಗೆ ಹಾಕಬಹುದು. ಅದರ ನಂತರದ ಡಿಡಿಆರ್5 ಮಾತ್ರ ಒಪ್ಪುವ ಎಎಂಡಿಯ ಹೊಸ ಎಎಂ5 ಬೋರ್ಡು ಮುಂದಿನ ವರ್ಷಗಳಿಗೆ ಒಳ್ಳೆಯದೇ, ಆದರೆ ಈಗಿನ ರ‍್ಯಾಮ್ ದರದಲ್ಲಿ ಅದರ ಆಸೆಗೆ ಗ್ರಾಫಿಕ್ಸ್ ಕಾರ್ಡ್ ಬಡವಾಗುತ್ತದೆ. ಡಬ್ಬಿಯ ದುಡ್ಡಿನ ಮೂರನೇ ಒಂದಕ್ಕಿಂತ ತುಸು ಹೆಚ್ಚು ಕಾರ್ಡಿಗೇ ಹೋಗಲಿ.

ಬೆಂಗಳೂರಿನಿಂದ ಬಸ್ಸಿನಲ್ಲಿ ತರುವುದಾದರೆ ಗ್ರಾಫಿಕ್ಸ್ ಕಾರ್ಡನ್ನು ಬಿಚ್ಚಿಸಿ ಅದರ ಡಬ್ಬಿಯಲ್ಲೇ ಹಾಕಿ ತೊಡೆಯ ಮೇಲಿಟ್ಟುಕೊಳ್ಳಿ. ರಸ್ತೆಯ ತಿರುವು ಮತ್ತು ಹಂಪುಗಳಿಗೆ ಅದು ತನ್ನ ಭಾರಕ್ಕೇ ಬೋರ್ಡಿನ ಸ್ಲಾಟನ್ನು ಮುರಿದದ್ದನ್ನು ಕಂಡಿದ್ದೇನೆ.

ಪ್ರಶ್ನೆ: ಆನ್‌ಲೈನ್‌ನಲ್ಲಿ 'ಐ7 ಗೇಮಿಂಗ್ ಪಿಸಿ, 16 ಜಿಬಿ ರ‍್ಯಾಮ್, 4 ಜಿಬಿ ಗ್ರಾಫಿಕ್ಸ್' 22 ಸಾವಿರಕ್ಕೇ ಇದೆ. ಅಂಗಡಿಯವರು ಐ3ಕ್ಕೆ ಇದಕ್ಕಿಂತ ಹೆಚ್ಚು ಹೇಳುತ್ತಾರೆ. ಮೋಸ ಯಾರದು?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಐ7 ಎಂಬುದು ಇಂಟೆಲ್ ಪ್ರೊಸೆಸರಿನ ಮನೆತನದ ಹೆಸರು, ಯಾವ ತಲೆಮಾರು ಎಂಬುದು ಅದರ ಮುಂದಿನ ಅಂಕಿಯಲ್ಲಿದೆ. ಇಂಥ ಜಾಹೀರಾತಿನ ಕೆಳಗೆ ಸಣ್ಣಕ್ಷರದಲ್ಲಿ ಹುಡುಕಿದರೆ ಐ7-3770 ಎಂಬಂಥದ್ದು ಸಿಗುತ್ತದೆ. ಅದು ಮೂರನೇ ತಲೆಮಾರು, 2012ರದ್ದು. ನಿಮ್ಮ ಅಂಗಡಿಯವರು ತೋರಿಸಿದ್ದು ಐ3-12100 ಇರಬಹುದು, ಹತ್ತು ವರ್ಷದ ನಂತರದ್ದು. ಎರಡರಲ್ಲೂ ನಾಲ್ಕು ಕೋರ್, ಎಂಟು ಥ್ರೆಡ್. ಓಟದಲ್ಲಿ ಐ3ಯ ಧೂಳನ್ನೂ ಆ ಐ7 ಮುಟ್ಟುವುದಿಲ್ಲ.

'4 ಜಿಬಿ ಗ್ರಾಫಿಕ್ಸ್' ಎಂದರೆ ಸಾಮಾನ್ಯವಾಗಿ ಜಿಟಿ 730, ಅದು 2014ರ ಕಾರ್ಡ್. 4 ಜಿಬಿ ಅದರ ಮೆಮೊರಿಯ ಅಳತೆ, ವೇಗದ್ದಲ್ಲ. ಬಿಂದಿಗೆ ದೊಡ್ಡದಿದ್ದ ಮಾತ್ರಕ್ಕೆ ನಲ್ಲಿಯಲ್ಲಿ ನೀರು ಜೋರಾಗಿ ಬರುತ್ತದೆಯೇ? ಇನ್ನೊಂದು ತೊಡಕು, ವಿಂಡೋಸ್ 11 ಅಧಿಕೃತವಾಗಿ ಕೇಳುವುದು ಇಂಟೆಲ್‌ನ ಎಂಟನೇ ತಲೆಮಾರು ಮತ್ತು ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹೇಗೋ ವಿಂಡೋಸ್ 11 ತುರುಕಿದರೂ ವ್ಯಾಲೊರಂಟ್ ಆಟ ತೆರೆಯುವುದಿಲ್ಲ, ಅದಕ್ಕೆ ಅಲ್ಲಿ ಟಿಪಿಎಂ ಮತ್ತು ಸೆಕ್ಯೂರ್ ಬೂಟ್ ಎಂಬ ಇನ್ನೊಂದು ಭದ್ರತಾ ವ್ಯವಸ್ಥೆ ಬೇಕೇ ಬೇಕು. 22 ಸಾವಿರವೇ ಇದ್ದರೆ, ಎಂಟನೇ ತಲೆಮಾರು ಅಥವಾ ಅದಕ್ಕಿಂತ ಹೊಸ ಪ್ರೊಸೆಸರಿನ ರಿಫರ್ಬಿಷ್ಡ್ (ದುರಸ್ತಿ ಮಾಡಿ ಮತ್ತೆ ಮಾರುವ ಹಳೆಯ) ಆಫೀಸ್ ಪಿಸಿಯನ್ನು ಬಿಲ್ ಸಮೇತ ತಂದು, ಗ್ರಾಫಿಕ್ಸ್ ಕಾರ್ಡನ್ನು ಮುಂದೆಂದಾದರೂ ಹಾಕಿ. ಕ್ಯಾಬಿನೆಟ್ ಸಪೂರದ್ದಾದರೆ ಅದಕ್ಕೆ ಹೊಂದುವ ಗಿಡ್ಡ ಕಾರ್ಡೇ ಬೇಕು, ಅಳೆದು ತನ್ನಿ.

ಪ್ರಶ್ನೆ: ಒಳ್ಳೆಯ ಕಂಪನಿಯ ಗೇಮಿಂಗ್ ಪಿಸಿಯನ್ನೇ ತಂದೆವು. ಆಟ ಮಾತ್ರ ಸ್ಲೈಡ್ ಶೋ ಥರ ಓಡುತ್ತದೆ. ವಾಪಸ್ ಮಾಡೋಣವೇ?
– ಓದುಗರೊಬ್ಬರು, ತುಮಕೂರು

ಉತ್ತರ: ತಡೆಯಿರಿ. ಪಿಸಿಯ ಹಿಂಭಾಗ ನೋಡಿ. ಮಾನಿಟರಿನ ಎಚ್‌ಡಿಎಂಐ ಕೇಬಲ್ ಮೇಲೆ, ಯುಎಸ್‌ಬಿ ಕಿಂಡಿಗಳ ಪಕ್ಕ ಸಿಕ್ಕಿಸಿದ್ದೀರಾ? ಹಾಗಿದ್ದರೆ ಗ್ರಾಫಿಕ್ಸ್ ಕಾರ್ಡ್ ಸುಮ್ಮನೆ ಕೂತಿದೆ. ಕೆಳಗೆ ಅಡ್ಡಡ್ಡ ಇರುವ ಕಾರ್ಡಿನ ಕಿಂಡಿಗೆ ಬದಲಿಸಿ. ಅದಾದರೂ ಕುಂಟಿದರೆ ರ‍್ಯಾಮ್ ಸಿಕ್ಕಿಸಿರುವುದು ಒಂದೇ ಸ್ಟಿಕ್ಕೋ ಎರಡೋ ಎಂದು ನೋಡಿ. 16 ಜಿಬಿಯ ಒಂದು ಸ್ಟಿಕ್ಕಿಗಿಂತ 8ರ ಎರಡು ವೇಗ, ರೆಡಿಮೇಡ್‌ನವರು ಒಂದರಲ್ಲೇ ಮುಗಿಸುವುದುಂಟು.

ಪ್ರಶ್ನೆ: ನಾನೇ ಜೋಡಿಸಬೇಕೆಂದು ಭಾಗಗಳನ್ನು ತರಿಸಿದ್ದೇನೆ. ಕೈ ನಡುಗುತ್ತಿದೆ. ನಮ್ಮಲ್ಲಿ ಗುಡುಗು ಸಿಡಿಲು ಬೇರೆ ಜಾಸ್ತಿ.
– ವಿದ್ಯಾರ್ಥಿನಿ, ಪುತ್ತೂರು

ಉತ್ತರ: ಜೋಡಣೆ ನೀವಂದುಕೊಂಡಷ್ಟು ಕಷ್ಟವಲ್ಲ, ಒಂದು ಸ್ಕ್ರೂಡ್ರೈವರ್ ಮತ್ತು ಒಂದು ಮಧ್ಯಾಹ್ನದ ಕೆಲಸ. ಬೋರ್ಡನ್ನು ಅದರ ರಟ್ಟಿನ ಡಬ್ಬಿಯ ಮೇಲಿಟ್ಟು ಪ್ರೊಸೆಸರ್, ಕೂಲರ್, ರ‍್ಯಾಮ್ ಹಾಕಿ, ಕ್ಯಾಬಿನೆಟ್ಟಿಗೆ ಸೇರಿಸುವ ಮುಂಚೆಯೇ ಒಮ್ಮೆ ಆನ್ ಮಾಡಿ ನೋಡಿ. ಇಂಟೆಲ್‌ನಲ್ಲಿ ಹೆಸರಿನ ಕೊನೆಗೆ 'ಎಫ್' ಇದ್ದರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ಪರದೆ ಮೂಡುವುದಿಲ್ಲ, ಗಾಬರಿ ಬೀಳಬೇಡಿ. ಕೂಲರಿನ ತಳದಲ್ಲಿ ಪ್ಲಾಸ್ಟಿಕ್ ಹಾಳೆಯಿದ್ದರೆ ಕಿತ್ತು ತೆಗೆಯಿರಿ. ನಾನು ಮೊದಲ ಸಲ ಅದನ್ನು ಹಾಗೇ ಬಿಟ್ಟು, ಪ್ರೊಸೆಸರ್ ಯಾಕೆ ಕುದಿಯುತ್ತಿದೆ ಎಂದು ಎರಡು ದಿನ ತಲೆ ಕೆರೆದುಕೊಂಡಿದ್ದೆ. ಎಲ್ಲ ಮುಗಿದ ಮೇಲೆ ಬಯಾಸ್‌ನಲ್ಲಿ (ಬೋರ್ಡಿನ ಒಳಗಿನ ಸೆಟ್ಟಿಂಗ್) ಎಕ್ಸ್‌ಎಂಪಿ ಎಂಬ ಆಯ್ಕೆಯನ್ನು ಆನ್ ಮಾಡಿ, ಇಲ್ಲದಿದ್ದರೆ ರ‍್ಯಾಮ್ ನೀವು ದುಡ್ಡು ಕೊಟ್ಟ ವೇಗದಲ್ಲಿ ಓಡುವುದಿಲ್ಲ.

ಸಿಡಿಲಿನ ವಿಷಯಕ್ಕೆ ಯುಪಿಎಸ್ ನೆಚ್ಚಬೇಡಿ. ಮೋಡ ಕಟ್ಟುತ್ತಿದ್ದಂತೆ ಪ್ಲಗ್ ಕೀಳಿ, ಇಂಟರ್ನೆಟ್ ರೂಟರಿನ ಕೇಬಲನ್ನೂ ಕೀಳಿ. ಬೋರ್ಡುಗಳು ಸುಡುವುದು ಎಷ್ಟೋ ಸಲ ಆ ಕೇಬಲ್ ಹಾದಿಯಲ್ಲಿ ಬಂದ ಹೊಡೆತಕ್ಕೆ, ಅದಕ್ಕೆ ಸಾಮಾನ್ಯವಾಗಿ ಯಾವ ವಾರಂಟಿಯೂ ಇಲ್ಲ. ಕ್ಯಾಬಿನೆಟ್ ಮುಟ್ಟಿದರೆ ಜುಮ್ ಎಂದರೆ ಮನೆಯ ಅರ್ತಿಂಗ್ ಸರಿಯಿಲ್ಲ, ಎಲೆಕ್ಟ್ರಿಶಿಯನ್ ಕರೆಸಿ. ಯುಪಿಎಸ್ 600 ವಿಎ ಎಂದರೆ ಸಾಮಾನ್ಯವಾಗಿ 360 ವಾಟ್ ಅಷ್ಟೇ, ಗೇಮಿಂಗ್ ಪಿಸಿಗೆ ಒಂದು ಕೆವಿಎ ತನ್ನಿ. ಅದು ಕೊಡುವುದು ಸೇವ್ ಮಾಡಿ ಆಫ್ ಮಾಡುವಷ್ಟು ನಿಮಿಷ, ಮ್ಯಾಚ್ ಮುಗಿಸುವಷ್ಟಲ್ಲ.

ಪ್ರಶ್ನೆ: ಜಿಟಿಎ 6 ಆಡಲು ಎಂಥ ಪಿಸಿ ಬೇಕು? ಈಗಲೇ ತಗೊಳ್ಳಲೇ?
– ಓದುಗರೊಬ್ಬರು, ಬಳ್ಳಾರಿ

ಉತ್ತರ: ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಬೇಡಿ. ಅದು ಬರುತ್ತದೆಂದು ಘೋಷಣೆಯಾಗಿರುವುದು ಪ್ಲೇಸ್ಟೇಷನ್ 5 ಮತ್ತು ಎಕ್ಸ್‌ಬಾಕ್ಸ್ ಸಿರೀಸ್ ಎಂಬ ಕನ್ಸೋಲ್‌ಗಳಿಗೆ, ಅಂದರೆ ಟಿವಿಗೆ ಜೋಡಿಸುವ ಆಟದ ಯಂತ್ರಗಳಿಗೆ. ಜಿಟಿಎ 5 ಕನ್ಸೋಲ್‌ಗೆ 2013ರ ಸೆಪ್ಟೆಂಬರ್‌ನಲ್ಲಿ ಬಂದರೆ ಪಿಸಿಗೆ ಬಂದದ್ದು 2015ರ ಏಪ್ರಿಲ್‌ನಲ್ಲಿ. ನೀವು ಈಗ ಆಡುತ್ತಿರುವ ಆಟಗಳ ಹೆಸರು ಮತ್ತು ಮಾನಿಟರಿನ ರೆಸಲ್ಯೂಶನ್ ಬರೆದು ಕಳಿಸಿ, ಅದಕ್ಕೆ ಪಟ್ಟಿ ಮಾಡಿಕೊಡುತ್ತೇನೆ.